ಉಣ್ಣೆ ಕಡಿತದ ಜ್ವರ: ತಡಮಾಡಿದರೆ ಅಪಾಯ

ಉಣ್ಣೆಯಿಂದ (ಉಣುಗು) ಬರುವ ರೋಗವೆಂದೊಡನೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗಕ್ಕೆ ಕಾರಣ ವೈರಸ್. ಆದರೆ ಉಣ್ಣೆಗಳು ಬ್ಯಾಕ್ಟೀರಿಯಾಗಳನ್ನೂ ಹರಡುತ್ತವೆ. ಇವುಗಳಿಂದ ಬರುವ ರೋಗಗಳಲ್ಲಿ ಮುಖ್ಯವಾದುದು ಉಣ್ಣೆ ಟೈಫಸ್ ಜ್ವರ. ಇದಕ್ಕೆ ಮಲೆನಾಡಿನ ಕಾಡೇ ಬೇಕೆಂದಿಲ್ಲ. ನಾಯಿ, ಕುರಿ, ದನಗಳನ್ನು ಸಾಕುವ ಕೋರ, ಗುಬ್ಬಿ, ಕುಣಿಗಲ್ ಕಡೆಯ ರೈತರೂ ಇದನ್ನು ತಿಳಿದಿರುವುದು ಅವಶ್ಯಕ.

ರೋಗ ಹರಡುವ ಬಗೆ

ರೋಗಾಣುವಿನ ಹೆಸರು ರಿಕೆಟ್ಸಿಯಾ. 1906ರಲ್ಲಿ ಅಮೆರಿಕದ ಇಂಥದೇ ಜ್ವರವನ್ನು ಉಣ್ಣೆ ಹರಡುತ್ತದೆಂದು ತೋರಿಸಿದ ಹೋವರ್ಡ್ ರಿಕೆಟ್ಸ್ ಎಂಬ ವಿಜ್ಞಾನಿಯಿಂದ ಈ ಹೆಸರು ಬಂದಿದೆ. ಆತ 1910ರಲ್ಲಿ ಟೈಫಸ್ ಜ್ವರಕ್ಕೇ ಬಲಿಯಾದನು. ಕಾಡಿನ ಇಲಿಗಳು ಹಾಗೂ ನಾಯಿಗಳ ರಕ್ತ ಹೀರುವ ಉಣ್ಣೆಗಳಲ್ಲಿ ಈ ರೋಗಾಣು ಉಳಿದಿರುತ್ತದೆ. ತಾಯಿ ಉಣ್ಣೆಯಿಂದ ಮೊಟ್ಟೆಗಳ ಮೂಲಕ ಮರಿಗಳಿಗೂ ಹೋಗುತ್ತದೆ. ಮನುಷ್ಯನು ಆಕಸ್ಮಿಕವಾಗಿ ಕಡಿತಕ್ಕೆ ಸಿಕ್ಕಿದಾಗ ರೋಗ ತಗಲುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಲಕ್ಷಣಗಳು ಮತ್ತು ಚಿಕಿತ್ಸೆ

ಕಡಿತವಾದ ಎರಡು ವಾರದೊಳಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಕಾಣಿಸುತ್ತವೆ. ಕೆಲವು ದಿನಗಳ ನಂತರ ಮಣಿಕಟ್ಟು, ಕಾಲಿನ ಹರಡುಗಳಲ್ಲಿ ಕೆಂಪು ಗುಳ್ಳೆ ಎದ್ದು, ಅಂಗೈ, ಅಂಗಾಲುಗಳಿಗೂ ಹರಡಬಹುದು. ಕೆಲವರಲ್ಲಿ ಕಡಿದ ಜಾಗದಲ್ಲಿ ಕಪ್ಪು ಹೊಪ್ಪಳೆ ಇರುತ್ತದೆ. ಗುಳ್ಳೆ ಕಾಣುವವರೆಗೆ ಕಾಯಬಾರದು. ಮೊದಲ ವಾರದಲ್ಲಿ ರಕ್ತಪರೀಕ್ಷೆಯಲ್ಲಿ ರೋಗ ಸಿಕ್ಕದಿರಬಹುದು. ಆದುದರಿಂದ ಉಣ್ಣೆ ಕಡಿದಿದೆ ಅಥವಾ ಮನೆಯ ನಾಯಿಗೆ ಉಣ್ಣೆ ಇದೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಈ ರೋಗಾಣು ಜೀವಕೋಶದೊಳಗೆ ಬೆಳೆಯುವುದರಿಂದ ಪೆನ್ಸಿಲಿನ್ ನಾಟುವುದಿಲ್ಲ; ಡಾಕ್ಸಿಸೈಕ್ಲಿನ್ ಗುಣಕಾರಿ. ವೈದ್ಯರ ಸಲಹೆಯಿಲ್ಲದೆ ಯಾವ ಔಷಧಿಯನ್ನೂ ತೆಗೆದುಕೊಳ್ಳಬಾರದು. ತಡವಾದರೆ ಮೂತ್ರಪಿಂಡ, ಶ್ವಾಸಕೋಶ, ಮಿದುಳುಗಳಿಗೆ ಹಾನಿಯಾಗಿ ಪ್ರಾಣಾಪಾಯ ಒದಗಬಹುದು.

ಮುನ್ನೆಚ್ಚರಿಕೆಗಳು

1. ಉಣ್ಣೆಯನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಬರಿಗೈಯಿಂದ ಹಿಸುಕಬಾರದು, ಬೆಂಕಿ, ಸೀಮೆಎಣ್ಣೆ ತಾಗಿಸಬಾರದು. ನಂತರ ಸೋಪಿನಿಂದ ತೊಳೆಯಬೇಕು.

2. ಪೊದೆ, ಹುಲ್ಲುಗಾವಲಿಗೆ ಹೋಗುವಾಗ ಮೈತುಂಬ ಬಟ್ಟೆ ಧರಿಸಬೇಕು. ಮರಳಿದ ಮೇಲೆ ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ ನೋಡಿಕೊಳ್ಳಬೇಕು.

3. ನಾಯಿಯ ಉಣ್ಣೆ ರಕ್ತ ಕುಡಿದು ಉದುರಿ, ಗೋಡೆ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಬಿರುಕು ಮುಚ್ಚಿ, ಪಶುವೈದ್ಯರು ತಿಳಿಸಿದ ಪ್ರಮಾಣದಲ್ಲಿ ನಾಯಿ, ಜಾನುವಾರುಗಳಿಗೆ ಔಷಧಿ ಹಾಕಿಸಬೇಕು.

ಉಣ್ಣೆ ಹತೋಟಿಯಿಂದ ಜಾನುವಾರುಗಳ ಜೊತೆಗೆ ಮನೆಮಂದಿಯ ಆರೋಗ್ಯವೂ ಉಳಿಯುತ್ತದೆ.