ಬೆಲೆನಾ, ಬೆಳೆನಾ, ಬೇಳೆನಾ?

ಬೆಂಗಳೂರಲ್ಲಿ ಕೆಲಸದಲ್ಲಿರೋ ಮಗ ಹರಿಹರದ ಹತ್ತಿರದ ಹಳ್ಳಿಯಲ್ಲಿರೋ ಅಪ್ಪನಿಗೆ ವಾಟ್ಸಾಪ್‌ನಲ್ಲಿ 'ಈ ಸಲ ಬೆಳೆ ಹೇಗಿದೆ' ಅಂತ ಕೇಳ್ತಾನೆ ಅಂದುಕೊಳ್ಳಿ. ಮಾತು ಕನ್ನಡ, ಅಕ್ಷರ ಇಂಗ್ಲಿಷ್. ಎಬಿಸಿಡಿ ಕೂಡಿಸಿ ಓದೋ ಅಪ್ಪನಿಗೆ ಅದು 'ಬೆಲೆ' ಅಂತ ಕಾಣುತ್ತೆ. ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ರೇಟ್ ಕಳಿಸ್ತಾರೆ. ಮಳೆ ಕೈಕೊಟ್ಟ ಸುದ್ದಿ ಹಾಗೇ ಉಳಿಯುತ್ತೆ. ಬೆಲೆ, ಬೆಳೆ, ಬೇಳೆ ಮೂರಕ್ಕೂ ಇಂಗ್ಲಿಷ್‌ನ ಅದೇ ನಾಲ್ಕು ಅಕ್ಷರ! ಫೋನಿನ ಕೀಬೋರ್ಡ್‌ಗೆ ಕನ್ನಡ ಸೇರಿಸೋಕೆ ಎರಡು ನಿಮಿಷ ಸಾಕು, ಆದರೂ ನಾವು ಮಾಡಲ್ಲ.

ಯಾವುದರ ಮೇಲೆ ಬರೀತೀವೋ ಅದು ನಮ್ಮ ಮಾತನ್ನ ಬದಲಿಸೋದು ಇವತ್ತಿನದಲ್ಲ. ಹರಿಹರೇಶ್ವರ ದೇವಸ್ಥಾನಕ್ಕೆ ಹೋದ್ರೆ ಅಲ್ಲಿನ ಶಾಸನಗಳನ್ನ ನೋಡಿ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಕಲ್ಲಲ್ಲಿ ಕೆತ್ತಿಸೋಕೆ ದುಡ್ಡೂ ಬೇಕು, ದಿನಗಳೂ ಬೇಕು. ಅದಕ್ಕೇ ಶಾಸನ ಅಂದ್ರೆ ಸಾಮಾನ್ಯವಾಗಿ ರಾಜನ ಹೊಗಳಿಕೆ, ದಾನದ ವಿವರ, ಕೊನೆಗೆ ದಾನ ಕೆಡಿಸಿದವರಿಗೆ ಶಾಪ. 'ಊಟ ಆಯ್ತಾ' ಅಂತ ಯಾರು ಕಲ್ಲಲ್ಲಿ ಕೆತ್ತಿಸ್ತಾರೆ?

ನಮ್ಮ ಅಪ್ಪ-ಅಮ್ಮಂದಿರ ಕಾಲದ ಪೋಸ್ಟ್‌ಕಾರ್ಡನ್ನ ಪಕ್ಕದ ಮನೆಯವರೂ ಓದಬಹುದಿತ್ತು. ಹಾಗಾಗಿ ಅದರಲ್ಲಿ ಬರೀ ಕ್ಷೇಮ ಸಮಾಚಾರ. ಸಾಲ, ಸಂಬಂಧ, ಮನಸ್ತಾಪ ಎಲ್ಲ ಇನ್‌ಲ್ಯಾಂಡ್ ಲೆಟರಿಗೆ. 'ತೀರ್ಥರೂಪು ತಂದೆಯವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು' ಅಂತ ಶುರುವಾಗಿ, ಜಾಗ ಮುಗಿದ ಮೇಲೆ ಅಂಚಿನಲ್ಲಿ ಅಡ್ಡಡ್ಡ ಬರವಣಿಗೆ. ನಿಜವಾದ ವಿಷಯ, ಅಂದ್ರೆ ಫೀಸ್ ಕಟ್ಟೋಕೆ ದುಡ್ಡು ಬೇಕು ಅನ್ನೋದು, ಎಷ್ಟೋ ಸಲ ಆ ಅಂಚಿನಲ್ಲೇ ಇರ್ತಿತ್ತು. ಆ ಉದ್ದುದ್ದ ನಮಸ್ಕಾರ ಈಗ ತಮಾಷೆ ಅನಿಸುತ್ತೆ. ಆದರೆ ಅಪ್ಪನ ಹತ್ರ ದುಡ್ಡು ಕೇಳೋ ಧೈರ್ಯ ಬರೋಕೆ ಅಷ್ಟು ದಾರಿ ನಡೀಬೇಕಿತ್ತು.

ಟೆಲಿಗ್ರಾಂನಲ್ಲಿ ಪದ ಎಣಿಸಿ ದುಡ್ಡು. 'ಮದರ್ ಸೀರಿಯಸ್, ಸ್ಟಾರ್ಟ್ ಇಮಿಡಿಯೆಟ್ಲಿ', ಅಷ್ಟೇ. ತಂತಿ ಬಂತು ಅಂದ್ರೆ ಓದೋ ಮೊದಲೇ ಮನೆಯಲ್ಲಿ ಅಳು. 2013ರ ಜುಲೈನಲ್ಲಿ ಅದೂ ನಿಂತುಹೋಯ್ತು.

ಈಗ ಪದಕ್ಕೆ ದುಡ್ಡಿಲ್ಲ, ಜಾಗಕ್ಕೆ ಬರವಿಲ್ಲ. ಆದರೂ ನಾವು ಮನೆಗೆ ಕಳಿಸೋದು ಒಂದು 'ಹ್ಞೂಂ', ಇಲ್ಲಾಂದ್ರೆ ಹೆಬ್ಬೆಟ್ಟಿನ ಚಿತ್ರ. (ಮೊದಲು ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ರು, ಈಗ ಇಂಜಿನಿಯರ್‌ಗಳು ಒತ್ತುತ್ತಾರೆ.) ಇದನ್ನ ಸೋಮಾರಿತನ ಅಂದುಬಿಡೋದು ಸುಲಭ. ಆದರೆ ನೀಲಿ ಟಿಕ್ ಬಿದ್ದ ಮೇಲೆ ತಡ ಮಾಡೋ ಹಾಗಿಲ್ಲ, ಮೀಟಿಂಗ್ ಮಧ್ಯೆ ಒಂದೇ ಬೆರಳಲ್ಲಿ ಉತ್ತರ ಹೋಗಬೇಕು. ಇನ್‌ಲ್ಯಾಂಡ್ ಬರೆಯೋರಿಗೆ ಯೋಚಿಸೋಕೆ ಇಡೀ ಸಂಜೆ ಸಿಗ್ತಿತ್ತು.

ಹಿರಿಯರು ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ: ವಾಯ್ಸ್ ಮೆಸೇಜ್. ಟೈಪ್ ಮಾಡೋಕೆ ಬಾರದ ಅಮ್ಮ 'ಏನಪ್ಪಾ, ಯಾವಾಗ ಬರ್ತೀಯ' ಅಂತ ನಮ್ಮ ಕಡೆ ರಾಗದಲ್ಲೇ ಕೇಳ್ತಾರೆ. ಹಿಂದೆ ಕುಕ್ಕರ್ ಕೂಗೋದೂ ಕೇಳುತ್ತೆ. ಯಾವ ಪತ್ರದಲ್ಲೂ ಇದು ಬರ್ತಿರಲಿಲ್ಲ. ಆದರೆ ಪತ್ರ ಟ್ರಂಕಿನಲ್ಲಿ ಉಳೀತಿತ್ತು. ಇದು ಬ್ಯಾಕಪ್ ಇಲ್ಲದೆ ಫೋನ್ ಬದಲಾಯಿಸಿದ್ರೆ ಹೋಯ್ತು. ಬೇಕು ಅನಿಸಿದ್ದನ್ನ ಒತ್ತಿ ಹಿಡಿದು, ಶೇರ್ ಕೊಟ್ಟು, ಇವತ್ತೇ ಡ್ರೈವ್‌ಗೆ ಹಾಕಿಡಿ.