ಸೌತ್‌ಡೇಲ್ ಮಾಲಿನ ಬಾಡಿಗೆದಾರರು

ಪಟ್ಟಣಗಳ ಚರಿತ್ರೆಯನ್ನು ಬರೆಯುವವರು ಕಟ್ಟಡಗಳ ಕಡೆಗೆ ಕೊಡುವಷ್ಟು ಗಮನವನ್ನು ಅವುಗಳಲ್ಲಿ ಬಾಡಿಗೆ ತೆತ್ತು ವ್ಯಾಪಾರ ನಡೆಸಿದವರ ಕಡೆಗೆ ಕೊಡುವುದು ಅಪರೂಪ. ಕಟ್ಟಡ ನಿಂತಲ್ಲಿಯೇ ನಿಂತಿರುತ್ತದೆ. ಬಾಡಿಗೆದಾರರು ಬರುತ್ತಾರೆ, ಹೋಗುತ್ತಾರೆ. ಆದರೆ ಇಡಿಯ ಪೇಟೆಯೊಂದು ಒಬ್ಬನೇ ಒಡೆಯನ ಸ್ವತ್ತಾಗಿ, ಒಂದೇ ಮಾಡಿನ ಕೆಳಗೆ ಇರುವಲ್ಲಿ, ಯಾರು ಬಂದರು, ಯಾರು ಹೋದರು, ಏಕೆ ಹೋದರು ಎಂಬ ಪಟ್ಟಿಯೇ ಅದರ ನಿಜವಾದ ಚರಿತ್ರೆಯಾಗುತ್ತದೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ಮಿನ್ನೆಸೋಟ ರಾಜ್ಯದಲ್ಲಿರುವ ಸೌತ್‌ಡೇಲ್ ಮಾಲನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಮಾತನ್ನು ವಿಶದಪಡಿಸುವುದು ಈ ಲೇಖನದ ಉದ್ದೇಶ.

ಮಿನ್ನಿಯಾಪೊಲಿಸ್ ನಗರದ ಉಪನಗರವಾದ ಈಡೈನಾದಲ್ಲಿ 1956ನೆಯ ಅಕ್ಟೋಬರ್ 8ರಂದು ಸೌತ್‌ಡೇಲ್ ತೆರೆಯಿತು. ಸುಮಾರು ಎರಡು ಕೋಟಿ ಡಾಲರುಗಳ ವೆಚ್ಚದಲ್ಲಿ ಇದನ್ನು ಕಟ್ಟಿಸಿದವರು ಡೇಟನ್ ಎಂಬ ವರ್ತಕ ಮನೆತನದವರು. ನಕ್ಷೆ ಬರೆದವನು ವಿಯೆನ್ನಾದಲ್ಲಿ ಹುಟ್ಟಿ, 1938ರಲ್ಲಿ ಆಸ್ಟ್ರಿಯವನ್ನು ಬಿಟ್ಟು ಅಮೆರಿಕಾಕ್ಕೆ ಬಂದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್. ಚಳಿಗಾಲದಲ್ಲಿ ಹಿಮವೂ ಬೇಸಗೆಯಲ್ಲಿ ಉರಿಬಿಸಿಲೂ ಇರುವ ಆ ಸೀಮೆಯಲ್ಲಿ, ಅಂಗಡಿಗಳನ್ನೆಲ್ಲ ಒಳಮುಖವಾಗಿ ತಿರುಗಿಸಿ, ನಡುವೆ ಉದ್ಯಾನದಂತಹ ಅಂಗಳವನ್ನು ಬಿಟ್ಟು, ಇಡಿಯ ಕಟ್ಟಡಕ್ಕೆ ಮಾಡು ಹೊದಿಸಿ, ವರ್ಷವಿಡೀ ಒಂದೇ ಹಿತವಾದ ಉಷ್ಣತೆಯನ್ನು ಕಾಪಾಡಿದ್ದು ಆತನ ವಿಶೇಷ. ಪೂರ್ತಿಯಾಗಿ ಮುಚ್ಚಿದ ಇಂದಿನ ಮಾಲುಗಳಿಗೆ ಇದೇ ಮೂಲಮಾದರಿಯೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಆರಂಭದಲ್ಲಿ ಇದ್ದ ಅಂಗಡಿಗಳು 72.

ಗ್ರೂಯೆನ್ ಮನಸ್ಸಿನಲ್ಲಿ ಕಂಡದ್ದು ಕೇವಲ ಅಂಗಡಿಗಳ ಗುಂಪನ್ನಲ್ಲ. 463 ಎಕರೆಗಳ ಆತನ ಯೋಜನೆಯಲ್ಲಿ ವಾಸದ ಮನೆಗಳು, ಶಾಲೆ, ವೈದ್ಯಕೀಯ ಕೇಂದ್ರ, ಉದ್ಯಾನ ಎಲ್ಲವೂ ಇದ್ದವು. ಮಾಲು ಅವುಗಳ ನಡುವಣ ಊರಕಟ್ಟೆಯಂತೆ ಇರಬೇಕೆಂಬುದು ಅವನ ಆಶಯ. ಆಸ್ಪತ್ರೆಯೊಂದು 1965ರಲ್ಲಿ ಸಮೀಪದಲ್ಲಿ ಬಂದಿತು. ಉಳಿದಂತೆ, ಮಾಲಿನಿಂದಾಗಿ ಬೆಲೆ ಏರಿದ ಸುತ್ತಣ ನೆಲವು ಬಿಡಿಬಿಡಿಯಾಗಿ ಅಭಿವೃದ್ಧಿಗೊಂಡಿತೇ ಹೊರತು ಅವನು ಬಯಸಿದ ಒಗ್ಗೂಡಿದ ಊರು ಅಲ್ಲಿ ಮೂಡಲಿಲ್ಲ. ಮಾಲಿನ ಸುತ್ತ ಉಳಿದದ್ದು ಸಾವಿರಾರು ಮೋಟಾರುಗಳು ನಿಲ್ಲುವ ಬಯಲು. 1968ರಲ್ಲಿ ವಿಯೆನ್ನಾಕ್ಕೆ ಹಿಂದಿರುಗಿದ ಗ್ರೂಯೆನ್, 1978ರಲ್ಲಿ ಲಂಡನ್ನಿನಲ್ಲಿ ಮಾಡಿದ ಭಾಷಣದಲ್ಲಿ, ತನ್ನ ಹೆಸರಿನಲ್ಲಿ ಬೆಳೆದ ಇಂತಹ ಕಟ್ಟಡಗಳ ಪಿತೃತ್ವವನ್ನೇ ನಿರಾಕರಿಸಿದನು.

ಮಾಲಿನ ಬಾಡಿಗೆದಾರರು ಬದಲಾಗುವ ಬಗೆಯನ್ನು ಅರಿಯಬೇಕಾದರೆ ಬಾಡಿಗೆಯ ಲೆಕ್ಕವನ್ನು ಮೊದಲು ತಿಳಿಯಬೇಕು. ನಮ್ಮ ಬೆಂಗಳೂರಿನ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆಗಳನ್ನು ನೆನೆದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಂತಹ ಪೇಟೆಯಲ್ಲಿ ಒಂದೊಂದು ಮಳಿಗೆಗೂ ಬೇರೆ ಬೇರೆ ಒಡೆಯರು. ಒಬ್ಬನ ಅಂಗಡಿಯಿಂದ ಪಕ್ಕದವನಿಗೆ ಗಿರಾಕಿ ದೊರೆತರೆ ಅದು ಅವನ ಅದೃಷ್ಟ, ಅದಕ್ಕೆ ಯಾರೂ ಬೆಲೆ ಕೇಳುವಂತಿಲ್ಲ. ಮಾಲಿನಲ್ಲಾದರೋ ಒಡೆಯನು ಒಬ್ಬನೇ ಆದುದರಿಂದ, ಒಂದು ಅಂಗಡಿಯು ಇನ್ನೊಂದಕ್ಕೆ ಮಾಡುವ ಉಪಕಾರಕ್ಕೂ ಅವನು ಬೆಲೆ ಕಟ್ಟಬಲ್ಲನು. ಜನರನ್ನು ಸೆಳೆದು ತರುವ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರಿಗೆ ಅಲ್ಪ ಬಾಡಿಗೆ. ಆ ಜನಸಂದಣಿಯ ಲಾಭವನ್ನು ಪಡೆಯುವ ಸಣ್ಣ ಅಂಗಡಿಗಳಿಗೆ ಅಧಿಕ ಬಾಡಿಗೆ. ಅಮೆರಿಕಾದ ದೊಡ್ಡ ಮಾಲುಗಳ ಕರಾರುಗಳನ್ನು ಪರಿಶೀಲಿಸಿ ಗೌಲ್ಡ್, ಪಶೀಜಿಯನ್, ಪ್ರೆಂಡರ್‌ಗಾಸ್ಟ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂತಹ ದೊಡ್ಡ ಅಂಗಡಿಗಳು ಬಾಡಿಗೆಗೆ ಕೊಡಬಹುದಾದ ಜಾಗದಲ್ಲಿ ಶೇಕಡಾ 58ಕ್ಕೂ ಹೆಚ್ಚು ಭಾಗವನ್ನು ಆಕ್ರಮಿಸಿದ್ದರೂ ಒಟ್ಟು ಬಾಡಿಗೆಯಲ್ಲಿ ಅವು ತೆರುತ್ತಿದ್ದುದು ಶೇಕಡಾ 10 ಮಾತ್ರ.

ಸಣ್ಣ ಅಂಗಡಿಗಳ ಕರಾರಿನಲ್ಲಿ ಮತ್ತೊಂದು ಅಂಶವೂ ಉಂಟು. ಕನಿಷ್ಠ ಬಾಡಿಗೆಯ ಮೇಲೆ, ವ್ಯಾಪಾರವು ಗೊತ್ತಾದ ಮಿತಿಯನ್ನು ದಾಟಿದರೆ ಅದರಲ್ಲಿ ಒಂದು ಪಾಲನ್ನು ಒಡೆಯನಿಗೆ ಕೊಡಬೇಕು. ವಿವರಣೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ವರ್ಷದ ಕನಿಷ್ಠ ಬಾಡಿಗೆ 60,000 ಡಾಲರು, ಪಾಲು ಶೇಕಡಾ 6 ಎಂದಿಟ್ಟುಕೊಂಡರೆ, ಮಿತಿಯು 10,00,000 ಡಾಲರುಗಳ ವ್ಯಾಪಾರವಾಗುತ್ತದೆ. ವ್ಯಾಪಾರವು 12,00,000ಕ್ಕೆ ಏರಿದಾಗ, ಮೇಲಿನ ಎರಡು ಲಕ್ಷಕ್ಕೆ 12,000 ಡಾಲರುಗಳನ್ನು ಸೇರಿಸಿ ಒಟ್ಟು 72,000 ತೆರಬೇಕು. ಆದುದರಿಂದ ಒಡೆಯನಿಗೆ ಪ್ರತಿಯೊಬ್ಬ ಬಾಡಿಗೆದಾರನ ವ್ಯಾಪಾರದಲ್ಲಿಯೂ ಆಸಕ್ತಿ ಇರುತ್ತದೆ. ವ್ಯಾಪಾರ ಕುಗ್ಗಿದವನ ಕರಾರನ್ನು ಅವಧಿ ಮುಗಿದ ಮೇಲೆ ನವೀಕರಿಸದಿರುವುದೂ ಇದೇ ಆಸಕ್ತಿಯ ಇನ್ನೊಂದು ಮುಖ. ಪೇಟೆಯಲ್ಲಿ ತಲೆಮಾರುಗಟ್ಟಲೆ ಒಂದೇ ಅಂಗಡಿ ಉಳಿಯಬಹುದು. ಮಾಲಿನ ವ್ಯವಸ್ಥೆಯು ಸ್ವಭಾವತಃ ಬದಲಾವಣೆಯನ್ನು ಬಯಸುತ್ತದೆ.

ಈ ಲೆಕ್ಕದ ಬೆಳಕಿನಲ್ಲಿ ಸೌತ್‌ಡೇಲಿನ ಪಟ್ಟಿಯನ್ನು ಓದಬೇಕು. ಮೊದಲಲ್ಲಿ ದೊಡ್ಡ ಅಂಗಡಿಗಳು ಎರಡು: ಕಟ್ಟಿಸಿದವರದೇ ಆದ ಡೇಟನ್ಸ್, ಮತ್ತು ಮಿನ್ನಿಯಾಪೊಲಿಸ್ ಪೇಟೆಯಲ್ಲಿ ಅವರ ಪ್ರತಿಸ್ಪರ್ಧಿಯಾಗಿದ್ದ ಡೊನಾಲ್ಡ್‌ಸನ್ಸ್. ಪ್ರತಿಸ್ಪರ್ಧಿಯನ್ನು ತಾವೇ ಕರೆದು ಮನೆಯೊಳಗೆ ಇರಿಸಿಕೊಂಡದ್ದು ಆಗಿನ ಕಾಲಕ್ಕೆ ಹೊಸ ಮಾತು. ಎರಡು ಸ್ಟೋರುಗಳ ನಡುವೆ ಜನ ಓಡಾಡಿದರೆ ಮಧ್ಯದ ಸಣ್ಣ ಅಂಗಡಿಗಳು ಬದುಕುತ್ತವೆ ಎಂಬುದೇ ಅದರ ಮರ್ಮ. 1972ರಲ್ಲಿ ಜೆ. ಸಿ. ಪೆನ್ನಿ ಮೂರನೆಯದಾಗಿ ಬಂದು ಸೇರಿತು.

ಅನಂತರದ ಬದಲಾವಣೆಗಳಿಗೆ ಕಾರಣಗಳು ಹೆಚ್ಚಾಗಿ ಮಾಲಿನ ಹೊರಗೆ ಇದ್ದವು. ಡೊನಾಲ್ಡ್‌ಸನ್ಸ್ 1987ರಲ್ಲಿ ಕಾರ್ಸನ್ ಪಿರಿ ಸ್ಕಾಟ್ ಎಂಬ ಷಿಕಾಗೋ ಸಂಸ್ಥೆಯ ವಶವಾಯಿತು. ಅದೇ ಜಾಗ 1990ರ ದಶಕದಲ್ಲಿ ಮರ್ವಿನ್ಸ್ ಆಯಿತು. ಮರ್ವಿನ್ಸ್ 2004ರಲ್ಲಿ ಮಿನ್ನೆಸೋಟವನ್ನೇ ಬಿಟ್ಟಿತು. ಮುಂದೆ ಅಲ್ಲಿಗೆ ಬಂದ ಹರ್ಬರ್ಗರ್ಸ್, ತನ್ನ ಮಾತೃಸಂಸ್ಥೆಯ ದಿವಾಳಿಯಿಂದಾಗಿ 2018ರಲ್ಲಿ ಮುಚ್ಚಿತು. ಡೇಟನ್ಸ್‌ನ ಕಥೆ ಇನ್ನೂ ವಿಚಾರಾರ್ಹವಾದುದು. ಆ ಮನೆತನದ ಸಂಸ್ಥೆಯೇ 1962ರಲ್ಲಿ ಟಾರ್ಗೆಟ್ ಎಂಬ ಅಗ್ಗದ ಬೆಲೆಯ ಅಂಗಡಿಗಳನ್ನು ಆರಂಭಿಸಿತು. ಕಿರಿಯದು ಹಿರಿಯದನ್ನು ಮೀರಿ ಬೆಳೆಯಿತು. ಸಂಸ್ಥೆಯು 1978ರಲ್ಲಿ ತನ್ನ ಮಾಲುಗಳನ್ನು ಎಕ್ವಿಟಬಲ್ ಎಂಬ ಜೀವವಿಮಾ ಸಂಸ್ಥೆಗೆ ಮಾರಿತು. 2000ದಲ್ಲಿ ಟಾರ್ಗೆಟ್ ಎಂಬ ಹೆಸರನ್ನೇ ತಾನೂ ಧರಿಸಿತು. 2001ರಲ್ಲಿ ಡೇಟನ್ಸ್ ಅಂಗಡಿಗಳಿಗೆ ಮಾರ್ಷಲ್ ಫೀಲ್ಡ್ಸ್ ಎಂದು ಹೆಸರಾಯಿತು, 2004ರಲ್ಲಿ ಅವು ಪರರ ಪಾಲಾದವು, 2006ರಲ್ಲಿ ಮೇಸೀಸ್ ಆದವು. ಹೀಗೆ, ಮಾಲನ್ನು ಕಟ್ಟಿಸಿದವರು ಮೊದಲು ಒಡೆತನವನ್ನು, ಆಮೇಲೆ ಹೆಸರನ್ನು, ಕೊನೆಗೆ ಅಂಗಡಿಯನ್ನೂ ಬಿಟ್ಟುಕೊಟ್ಟರು. ಅತ್ತ ನೆರೆಯ ಬ್ಲೂಮಿಂಗ್ಟನ್ನಿನಲ್ಲಿ 1992ರಲ್ಲಿ ತೆರೆದ ಅತಿ ದೊಡ್ಡ ಮಾಲ್ ಆಫ್ ಅಮೆರಿಕಾ ಗಿರಾಕಿಗಳನ್ನು ಹಂಚಿಕೊಂಡಿತು.

ಪೇಟೆಯಲ್ಲಿ ಒಂದು ಅಂಗಡಿ ಮುಚ್ಚಿದರೆ ಒಂದು ಬಾಗಿಲು ಮುಚ್ಚಿದಂತೆ. ಮಾಲಿನಲ್ಲಿ ದೊಡ್ಡ ಅಂಗಡಿ ಮುಚ್ಚಿದರೆ ಉಳಿದವರು ಅಧಿಕ ಬಾಡಿಗೆ ತೆರಲು ಇದ್ದ ಕಾರಣವೇ ತಪ್ಪಿಹೋಗುತ್ತದೆ. ದೊಡ್ಡ ಅಂಗಡಿ ಖಾಲಿಯಾದರೆ ತಾವು ಕಡಮೆ ಬಾಡಿಗೆ ಕೊಡಬಹುದು, ಇಲ್ಲವೇ ಕರಾರನ್ನು ಮುರಿಯಬಹುದು ಎಂಬ ಷರತ್ತನ್ನು ಅನೇಕ ಸಣ್ಣ ಅಂಗಡಿಯವರು ಮೊದಲೇ ಬರೆಸಿಕೊಂಡಿರುತ್ತಾರೆ. ಅಮೆರಿಕಾದಲ್ಲಿ ಅನೇಕ ಮಾಲುಗಳು ಒಂದೊಂದಾಗಿ ಕುಸಿಯದೆ ಒಮ್ಮೆಗೇ ಬರಿದಾದುದಕ್ಕೆ ಇದೊಂದು ಮುಖ್ಯ ಕಾರಣ. ಗ್ರೂಯೆನ್ನನೇ ರಚಿಸಿ 1954ರಲ್ಲಿ ತೆರೆದ ಡೆಟ್ರಾಯಿಟ್ ಸಮೀಪದ ನಾರ್ತ್‌ಲ್ಯಾಂಡ್ 2015ರಲ್ಲಿ ಮುಚ್ಚಿಹೋಯಿತು.

ಸೌತ್‌ಡೇಲಿಗೆ ಆ ಗತಿ ಬರಲಿಲ್ಲ. ಅದರ ಈಚಿನ ಬಾಡಿಗೆದಾರರನ್ನು ನೋಡಿದರೆ ಉಳಿವಿನ ಬಗೆ ತಿಳಿಯುತ್ತದೆ. 2017ರಲ್ಲಿ ಜೆ. ಸಿ. ಪೆನ್ನಿ ಹೋದ ಜಾಗದಲ್ಲಿ 2019ರ ಡಿಸೆಂಬರಿನಲ್ಲಿ ವಿಶಾಲವಾದ ವ್ಯಾಯಾಮಶಾಲೆ ತೆರೆಯಿತು; ಅದರೊಡನೆ ಬಿಡಿ ಕೆಲಸಗಾರರು ಮೇಜನ್ನು ಬಾಡಿಗೆಗೆ ಪಡೆದು ಕುಳಿತು ದುಡಿಯುವ ಕಚೇರಿಯೂ ಇದೆ. ಮೋಟಾರುಗಳು ನಿಲ್ಲುತ್ತಿದ್ದ ಬಯಲಿನ ಒಂದು ಅಂಚಿನಲ್ಲಿ 2014ರ ಸುಮಾರಿಗೆ ವಾಸದ ಅಪಾರ್ಟ್‌ಮೆಂಟುಗಳು ಎದ್ದವು. ಸರಕನ್ನು ಮಾರುವವರು ಬಿಟ್ಟ ಜಾಗಕ್ಕೆ ಜನರು ಸ್ವತಃ ಬಂದೇ ಪಡೆಯಬೇಕಾದ ಸೇವೆಗಳನ್ನು ಕೊಡುವವರು ಬರುತ್ತಿದ್ದಾರೆ. ಗ್ರೂಯೆನ್ ಬಯಸಿದ್ದ ಊರಿನ ಕೆಲವು ಅಂಗಗಳು, ಅರ್ಧ ಶತಮಾನಕ್ಕೂ ಮಿಕ್ಕಿ ತಡವಾಗಿ, ವ್ಯಾಪಾರದ ನಷ್ಟವನ್ನು ತುಂಬಿಕೊಳ್ಳುವ ಉಪಾಯವಾಗಿ ಅಲ್ಲಿಗೆ ಬಂದಿವೆ ಎನ್ನಬಹುದು.

ಹಾಗಾದರೆ ಮಾಲು ಊರಾಯಿತೆಂದು ತಿಳಿಯೋಣವೇ? ಇಲ್ಲಿ ಕಾನೂನಿನ ಮಾತು ಅಡ್ಡ ಬರುತ್ತದೆ. ಮಾಲಿನ ಓಣಿ ನೋಡಲು ಬೀದಿಯಂತಿದ್ದರೂ ಅದು ಖಾಸಗಿ ಸ್ವತ್ತು. ಅಲ್ಲಿ ಕರಪತ್ರ ಹಂಚುವ ಹಕ್ಕು ಸಂವಿಧಾನದಿಂದ ತಾನಾಗಿ ಬರುವುದಿಲ್ಲವೆಂದು ಅಮೆರಿಕಾದ ಸುಪ್ರೀಂ ಕೋರ್ಟು 1972ರಲ್ಲಿ ಲಾಯ್ಡ್ ಕಾರ್ಪೊರೇಷನ್ನಿನ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ರಾಜ್ಯಗಳು ತಮ್ಮ ಸಂವಿಧಾನದ ಮೂಲಕ ಹೆಚ್ಚಿನ ಹಕ್ಕನ್ನು ಕೊಡಬಹುದೆಂದು 1980ರ ಪ್ರೂನ್‌ಯಾರ್ಡ್ ತೀರ್ಪು ಹೇಳಿತು. ಕ್ಯಾಲಿಫೋರ್ನಿಯ ಹಾಗೆ ಕೊಟ್ಟಿದೆ. ಆದರೆ ಮಿನ್ನೆಸೋಟದ ಸರ್ವೋಚ್ಚ ನ್ಯಾಯಾಲಯವು ಮಾಲ್ ಆಫ್ ಅಮೆರಿಕಾದಲ್ಲಿ ಪ್ರತಿಭಟಿಸಿದವರ ಮೊಕದ್ದಮೆಯಲ್ಲಿ 1999ರಲ್ಲಿ ಅದನ್ನು ನಿರಾಕರಿಸಿತು. ಯಾರು ಅಂಗಡಿ ಇಡಬೇಕೆಂಬುದನ್ನು ನಿರ್ಧರಿಸುವವನೇ ಯಾರು ಮಾತನಾಡಬಹುದೆಂಬುದನ್ನೂ ನಿರ್ಧರಿಸುತ್ತಾನೆ.

ಒಟ್ಟಿನಲ್ಲಿ, ಸೌತ್‌ಡೇಲಿನ ಪಟ್ಟಿ ನಮಗೆ ಎರಡು ವಿಷಯಗಳನ್ನು ತಿಳಿಸಿಕೊಡುತ್ತದೆ. ಬಾಡಿಗೆದಾರರ ಬದಲಾವಣೆಯು ಕೇವಲ ಜನರ ಅಭಿರುಚಿಯ ಬದಲಾವಣೆಯಲ್ಲ; ಕರಾರುಗಳ ರಚನೆ, ದೂರದ ಸಂಸ್ಥೆಗಳ ಕ್ರಯವಿಕ್ರಯ, ನೆರೆಯ ಸ್ಪರ್ಧೆ ಇವು ಕೂಡಿ ಅದನ್ನು ನಿರ್ಣಯಿಸುತ್ತವೆ. ಎರಡನೆಯದಾಗಿ, ಮನೆ, ಕಚೇರಿ, ವ್ಯಾಯಾಮಶಾಲೆಗಳು ಬಂದು ಸೇರಿದ ಮಾತ್ರಕ್ಕೆ ಮಾಲು ಊರಾಗದು. ಪೇಟೆಯ ಬೀದಿಯಲ್ಲಿ ಏನನ್ನೂ ಕೊಳ್ಳದೆ ನಿಂತವನಿಗೂ ಇರುವ ಹಕ್ಕು ಅಲ್ಲಿ ಒಡೆಯನ ಅನುಮತಿಯಾಗಿಯೇ ಉಳಿದಿರುತ್ತದೆ. ನಗರಗಳನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ತಮ್ಮ ಸಮೀಪದ ಮಾಲಿನ ಬಾಡಿಗೆದಾರರನ್ನು ವರ್ಷಕ್ಕೊಮ್ಮೆ ಪಟ್ಟಿಮಾಡಿ ಇಡುವುದಾದರೆ, ಕೆಲವು ವರ್ಷಗಳಲ್ಲಿ ಅದು ಬೆಲೆಯುಳ್ಳ ದಾಖಲೆಯಾಗುವುದರಲ್ಲಿ ನಮಗೆ ಸಂದೇಹವಿಲ್ಲ.