ಹೂಳಿನಲ್ಲಿ ಮಲಗಿರುವ ಸಾಕ್ಷಿಗಳು

ಮಳೆಗಾಲ ಬಂತೆಂದರೆ ಪತ್ರಿಕೆ ಬಿಡಿಸಿದ ಕೂಡಲೇ ನಮ್ಮ ಕಣ್ಣು ಹುಡುಕುವುದು ಜಲಾಶಯದ ಮಟ್ಟವನ್ನು. ಇಂದು ಎಷ್ಟು ಅಡಿ? ಎಷ್ಟು ಟಿಎಂಸಿ? ಒಳಹರಿವು ಎಷ್ಟು, ಹೊರಹರಿವು ಎಷ್ಟು? ಆ ನೀರಿನೊಳಗೆ ಯಾರ್‍ಯಾರಿದ್ದಾರೆ ಎಂದು ಮಾತ್ರ ನಾವು ಕೇಳಿದವರೇ ಅಲ್ಲ.

ಹಿನ್ನೀರಿನಲ್ಲಿ ಹರಿಗೋಲು ಹತ್ತಿ, ನವಿರಾದ ಬಲೆಯೊಂದನ್ನು ನೀರಲ್ಲಿ ಎಳೆದು, ಅದರ ತುದಿಯ ಬಾಟಲಿಯಲ್ಲಿ ಉಳಿದ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಡಿ. ಅಬ್ಬಾ, ಜಾತ್ರೆಯೇ ನೆರೆದಿದೆ! ತಲೆಯ ಮೇಲೆ ಚಕ್ರ ತಿರುಗುತ್ತಿರುವಂತೆ ಕಾಣುವ ರೋಟಿಫರ್‌ಗಳು. ಹಣೆಯಲ್ಲಿ ಒಂದೇ ಕಣ್ಣು, ಹಿಂದೆ ಮೊಟ್ಟೆಯ ಚೀಲ ಹೊತ್ತು ಚಿಮ್ಮುವ ಕೋಪೆಪಾಡ್‌ಗಳು. ಇನ್ನು ನೀರುಚಿಗಟಗಳದ್ದು ಗಾಜಿನಂಥ ಮೈ! ಮಿಡಿಯುವ ಹೃದಯ, ಪಾಚಿ ತಿಂದು ಹಸಿರಾದ ಕರುಳು, ಬೆನ್ನಗೂಡಿನಲ್ಲಿ ಬೆಳೆಯುವ ಮರಿಗಳು ಎಲ್ಲವೂ ಹೊರಗಿನಿಂದಲೇ ಕಾಣುತ್ತವೆ. ಇವೇ ಪ್ರಾಣಿಪ್ಲವಕಗಳು.

ನೀರು ಕೆಟ್ಟರೆ ಈ ಜಾತ್ರೆಯ ಜನವೇ ಬದಲಾಗುತ್ತದೆ. ಹೊಲದ ಗೊಬ್ಬರ, ಊರಿನ ಚರಂಡಿ ಸೇರಿ ನೀರಿನಲ್ಲಿ ರಂಜಕ ಹೆಚ್ಚಿತೆನ್ನಿ. ನೀಲಿ-ಹಸಿರು ಪಾಚಿ ಉಕ್ಕುತ್ತದೆ. ಅದರ ಗೊಂಚಲುಗಳು ನೀರುಚಿಗಟದ ಸೋಸುವ ಕಾಲುಗಳಿಗೆ ಸಿಕ್ಕಿಕೊಂಡು, ಸುತ್ತಲೂ ಪಾಚಿಯಿದ್ದರೂ ಅದು ಹಸಿದಿರಬೇಕಾಗುತ್ತದೆ. ಅಂಥಲ್ಲಿ ಬ್ರಾಕಿಯೋನಸ್‌ನಂಥ ಪುಟ್ಟ ರೋಟಿಫರ್‌ಗಳು ಗಿಜಿಗುಟ್ಟತೊಡಗುತ್ತವೆ. ಆಮ್ಲಜನಕ ಇಳಿದರೆ? ಡ್ಯಾಫ್ನಿಯಾ ಎಂಬ ನೀರುಚಿಗಟ ಹಿಮೋಗ್ಲೋಬಿನ್ ತಯಾರಿಸಿಕೊಂಡು ಕೆಂಪಗಾಗುತ್ತದೆ! ನಮ್ಮ ರಕ್ತವನ್ನು ಕೆಂಪಾಗಿಸಿದ ಅದೇ ಬಗೆಯ ವಸ್ತು, ಆ ಚುಕ್ಕೆಯಷ್ಟು ಜೀವದಲ್ಲಿ!

ಅದಕ್ಕಿಂತ ದೊಡ್ಡ ಬೆರಗು ತಳದಲ್ಲಿದೆ. ಕಾಲ ಚೆನ್ನಾಗಿದ್ದಾಗ ಡ್ಯಾಫ್ನಿಯಾಗಳಿಗೆ ಗಂಡಿನ ಹಂಗೇ ಇಲ್ಲ. ತಾಯಿ ತನ್ನಂಥದೇ ಹೆಣ್ಣುಮರಿಗಳನ್ನು ಹೆರುತ್ತ ಹೋಗುತ್ತದೆ. ಕೆಟ್ಟ ದಿನಗಳ ಸುಳಿವು ಸಿಕ್ಕಾಗ ಗಂಡುಗಳು ಹುಟ್ಟುತ್ತವೆ, ಗಟ್ಟಿ ಕವಚದ ಮೊಟ್ಟೆಗಳು ತಯಾರಾಗುತ್ತವೆ. ಅವು ಹೂಳಿಗೆ ಇಳಿದು ಮಲಗುತ್ತವೆ, ವರ್ಷವಲ್ಲ, ದಶಕಗಳ ಕಾಲ!

ಯುರೋಪಿನ ಕಾನ್‌ಸ್ಟನ್ಸ್ ಸರೋವರಕ್ಕೆ 1960, 70ರ ದಶಕಗಳಲ್ಲಿ ರಂಜಕ ಹರಿದುಬಂದು ನೀಲಿ-ಹಸಿರು ಪಾಚಿ ಹೆಚ್ಚಿತ್ತು. ವಿಜ್ಞಾನಿ ನೆಲ್ಸನ್ ಹೇರ್‌ಸ್ಟನ್ ಮತ್ತು ಸಂಗಡಿಗರು ಅದರ ಹೂಳಿನ ಬೇರೆ ಬೇರೆ ಪದರಗಳಿಂದ ಡ್ಯಾಫ್ನಿಯಾ ಮೊಟ್ಟೆ ಹೆಕ್ಕಿ ಮರಿ ಮಾಡಿಸಿದರು. ನೀರು ಕೆಡುವ ಮೊದಲಿನ ಪೀಳಿಗೆ ಪಾಚಿಯ ವಿಷಕ್ಕೆ ಸೊರಗಿತು. ಕೆಟ್ಟ ನಂತರದ ಪೀಳಿಗೆ ಅದನ್ನು ತಾಳಿಕೊಂಡಿತು. ಕೆಲವೇ ದಶಕಗಳಲ್ಲಿ ವಿಕಾಸ! ಅದಕ್ಕೆ ಸಾಕ್ಷಿ ಹೇಳಲು ಮುತ್ತಜ್ಜಿಯರೇ ನಿದ್ದೆಯಿಂದೆದ್ದು ಬಂದಿದ್ದರು. 1999ರಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು.

ಈಗ ನಮ್ಮ ತುಂಗಭದ್ರೆಯತ್ತ ತಿರುಗಿ. ಮೊದಲು ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ರೈತನ ಪಾಲಿಗೆ ಅದು ಕಳೆದುಹೋದ ನೀರು, ನಿಜ. ಆದರೆ ಹೂಳೆಂದರೆ ಬರಿಯ ಮಣ್ಣಲ್ಲ. ಒಂದೊಂದು ಪದರವೂ ತನ್ನ ಕಾಲದ ನೀರಿನ ದಿನಚರಿಯ ಒಂದೊಂದು ಹಾಳೆ.

ರಾಸಾಯನಿಕ ಪರೀಕ್ಷೆ ನೀರು ತುಂಬಿಕೊಂಡ ಆ ಕ್ಷಣದ ಸ್ಥಿತಿಯನ್ನು ಹೇಳುತ್ತದೆ. ಪ್ರಾಣಿಪ್ಲವಕಗಳು ನೀರು ಬಾಳಿ ಬಂದ ದಿನಗಳನ್ನು ಹೇಳುತ್ತವೆ. ಆದ್ದರಿಂದ ಮಟ್ಟ, ಒಳಹರಿವು, ಹೊರಹರಿವುಗಳ ಆ ಪಟ್ಟಿಗೆ ತಿಂಗಳಿಗೊಮ್ಮೆಯಾದರೂ ಇನ್ನೊಂದು ಸಾಲು ಸೇರಲಿ: ಈ ನೀರಿನಲ್ಲಿ ಈಗ ಯಾರು ಬದುಕಿದ್ದಾರೆ?